ಗಣಕ ಪರೀಕ್ಷೆಗಳಲ್ಲಿ ನಿಶ್ಚಯವಾಕ್ಯದ ಸ್ಪಷ್ಟತೆ: ಒಂದು ವಿಮರ್ಶೆ

೧. ಪ್ರಸ್ತಾವನೆ

ಗಣಕಯಂತ್ರಕ್ಕೆ ಬರೆದ ಕ್ರಮವಿಧಿಯನ್ನು ಪರೀಕ್ಷಿಸುವ ವಿಷಯಕ್ಕೂ ಇತಿಹಾಸದ ಅಧ್ಯಾಪಕನಿಗೂ ಏನು ಸಂಬಂಧ ಎಂಬ ಆಕ್ಷೇಪವು ಸಹಜವಾದುದು. ಆದರೆ ಶಾಸನಗಳ ಪಾಠಗಳು, ಕಡತಗಳ ಸೂಚಿಗಳು, ಕಾಲಗಣನೆಯ ಕೋಷ್ಟಕಗಳು ಒಂದೊಂದಾಗಿ ಯಂತ್ರದೊಳಗೆ ಸೇರುತ್ತಿರುವ ಈ ಕಾಲದಲ್ಲಿ, ಅಲ್ಲಿಂದ ಹೊರಬರುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ಪ್ರಶ್ನೆಯು ಗಣಿತ ವಿಭಾಗವೊಂದಕ್ಕೇ ಸೇರಿದುದಾಗಿ ಉಳಿದಿಲ್ಲ. ಸಾಕ್ಷ್ಯದ ಯೋಗ್ಯತೆಯನ್ನು ತೂಗಿ ನೋಡುವುದೇ ನಮ್ಮ ಶಾಸ್ತ್ರದ ಮೊದಲ ಪಾಠ. ಆದಕಾರಣ ಈ ವಿಷಯವನ್ನು ಕುರಿತು ಎರಡು ಮಾತನ್ನು ಹೇಳುವ ಅಧಿಕಾರ ಇತಿಹಾಸದ ಅಭ್ಯಾಸಕನಿಗೂ ಇದೆ ಎಂದು ಭಾವಿಸಿದ್ದೇನೆ.

ಮೊದಲು ಪರಿಭಾಷೆ. ಕ್ರಮವಿಧಿಯ ಒಂದು ಚಿಕ್ಕ ಘಟಕಕ್ಕೆ ಗೊತ್ತಾದ ಒಂದು ಮೌಲ್ಯವನ್ನು ಕೊಟ್ಟು, ಬರಬೇಕಾದ ಉತ್ತರವೇ ಬಂದಿತೋ ಇಲ್ಲವೋ ಎಂಬುದನ್ನು ಯಂತ್ರದಿಂದಲೇ ನೋಡಿಸುವುದಕ್ಕೆ 'ಯೂನಿಟ್ ಟೆಸ್ಟ್', ಅಂದರೆ ಘಟಕ ಪರೀಕ್ಷೆ, ಎಂದು ಹೆಸರು. ಅಂಥ ಪರೀಕ್ಷೆಯ ಕೊನೆಗೆ "ಉತ್ತರವು ಇಂಥದೇ ಇರತಕ್ಕದ್ದು" ಎಂದು ಸಾರುವ ಸಾಲೊಂದು ಇರುತ್ತದೆ. ಗಣಕವಿದ್ಯೆಯವರು ಇದನ್ನು 'ಅಸರ್ಷನ್' ಎನ್ನುತ್ತಾರೆ. ಈ ಲೇಖನದಲ್ಲಿ ಇದನ್ನು 'ನಿಶ್ಚಯವಾಕ್ಯ' ಎಂದು ಕರೆದಿದ್ದೇನೆ. ನಿಶ್ಚಯವಾಕ್ಯವು ಓದುವವನಿಗೆ ಸ್ಪಷ್ಟವಾಗಿರಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಯಾರು ಓದುವಾಗ, ಯಾವ ಹೊತ್ತಿನಲ್ಲಿ ಸ್ಪಷ್ಟವಾಗಿರಬೇಕು ಎಂಬುದರ ವಿಚಾರ ಮಾತ್ರ ಸಾಕಷ್ಟು ನಡೆದಂತೆ ಕಾಣುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ನಿಶ್ಚಯವಾಕ್ಯವು ನಿಜವಾದಾಗ ಮೌನವಾಗಿರುತ್ತದೆ. ಸುಳ್ಳಾದಾಗ ಮಾತ್ರ ಬಾಯಿ ಬಿಡುತ್ತದೆ. ಆದಕಾರಣ ಅದರ ಗುಣವನ್ನು ಬರೆದ ದಿನದ ಅಂದದಿಂದ ಅಳೆಯದೆ, ತಪ್ಪಿದ ದಿನ ಅದನ್ನು ಬರೆಯದಿದ್ದ ಮನುಷ್ಯನಿಗೆ ಅದು ಏನು ಹೇಳಿತು ಎಂಬುದರಿಂದ ಅಳೆಯಬೇಕು. ನಮ್ಮ ಅಳ್ನಾವರ ನಿಲ್ದಾಣದಲ್ಲಿ ಹುಬ್ಬಳ್ಳಿಗೆ ಹೋಗಬೇಕಾದ ಪ್ರಯಾಣಿಕನೊಬ್ಬನು ಲೋಂಡಾ ಕಡೆಯ ಗಾಡಿಯ ಎದುರು ನಿಂತು "ಇದೇ ಏನ್ರೀ?" ಎಂದು ಕೇಳಿದನೆನ್ನೋಣ. "ಅಲ್ಲ" ಎಂಬ ಉತ್ತರವು ಸತ್ಯವಾದುದೇ. ಆದರೆ "ಇದು ಲೋಂಡಾಕ್ಕೆ ಹೋಗತದ, ಹುಬ್ಬಳ್ಳಿ ಗಾಡಿ ಆ ಕಡೆಯಿಂದ ಬರತದ" ಎಂಬ ಉತ್ತರವೊಂದೇ ಅವನ ಕೆಲಸಕ್ಕೆ ಬರುವಂಥದು. ಮುಂದೆ ಹೇಳುವುದೆಲ್ಲ ಈ ಎರಡು ಉತ್ತರಗಳ ನಡುವಿನ ಅಂತರವನ್ನೇ ಕುರಿತದ್ದು.

೨. ನಿಶ್ಚಯವಾಕ್ಯದ ಹಿನ್ನೆಲೆ

ಕ್ರಮವಿಧಿಯ ನಡುನಡುವೆ ನಿಶ್ಚಯವಾಕ್ಯಗಳನ್ನು ಇಡಬೇಕೆಂಬ ವಿಚಾರವು ಗಣಕಯಂತ್ರದಷ್ಟೇ ಹಳೆಯದು. ೧೯೪೯ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅಲನ್ ಟ್ಯೂರಿಂಗ್ ಓದಿದ ಚಿಕ್ಕ ಪ್ರಬಂಧದಲ್ಲಿ ಇದು ಸ್ಪಷ್ಟವಾಗಿ ಕಂಡುಬರುತ್ತದೆ. ದೊಡ್ಡ ಕ್ರಮವಿಧಿಯೊಂದನ್ನು ತಪಾಸಣೆ ಮಾಡುವವನ ಹೊರೆ ಹಗುರಾಗಬೇಕಾದರೆ, ಬರೆದವನು ಬಿಡಿಬಿಡಿಯಾಗಿ ಪರೀಕ್ಷಿಸಬಹುದಾದ ಖಚಿತ ಹೇಳಿಕೆಗಳನ್ನು ತಾನೇ ಮಾಡಬೇಕು ಎಂಬುದು ಅದರ ಸಾರ. ಅದಕ್ಕೆ ಅವನು ಕೊಟ್ಟ ನಿದರ್ಶನವು ಸಾಮಾನ್ಯವಾದ ಕೂಡುವ ಲೆಕ್ಕ. ಪ್ರತಿಯೊಂದು ಸ್ಥಾನದ ಮೊತ್ತವನ್ನೂ ದಶಕವನ್ನೂ ಬರೆದಿಟ್ಟರೆ ಒಂದೊಂದು ಸ್ಥಾನವನ್ನು ಬೇರೆಬೇರೆಯಾಗಿ ತಾಳೆ ನೋಡಬಹುದು. ಕೊನೆಯ ಮೊತ್ತ ಮಾತ್ರ ಇದ್ದರೆ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಟ್ಯೂರಿಂಗನ ಲಕ್ಷ್ಯ ಯಂತ್ರದ ಮೇಲೆ ಇಲ್ಲ. ತಪಾಸಣೆ ಮಾಡುವ ಮನುಷ್ಯನ ಮೇಲೆ ಇದೆ. ತದನಂತರ ೧೯೬೭ರಲ್ಲಿ ರಾಬರ್ಟ್ ಫ್ಲಾಯ್ಡ್, ೧೯೬೯ರಲ್ಲಿ ಟೋನಿ ಹೋರ್ ಇವರು ಈ ವಿಚಾರವನ್ನು ತರ್ಕಶಾಸ್ತ್ರದ ಕಟ್ಟಿನೊಳಗೆ ತಂದರು.

ಇಂದಿನ ಘಟಕ ಪರೀಕ್ಷೆಗಳ ಪದ್ಧತಿಯು ಕೆಂಟ್ ಬೆಕ್ ಸ್ಮಾಲ್‌ಟಾಕ್ ಭಾಷೆಗಾಗಿ ರಚಿಸಿದ ಸಾಧನದಿಂದ ಮೊದಲಾಗುತ್ತದೆ. ೧೯೯೭ರಲ್ಲಿ ಅವನೂ ಎರಿಕ್ ಗಾಮಾನೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು ಜಾವಾ ಭಾಷೆಗೆ 'ಜೆಯೂನಿಟ್' ಎಂಬುದನ್ನು ಬರೆದರೆಂಬುದು ಆ ವಿದ್ಯೆಯವರಲ್ಲಿ ಪ್ರಸಿದ್ಧವಾದ ವೃತ್ತಾಂತ. ಪೈಥಾನ್ ಭಾಷೆಯ 'ಯೂನಿಟ್‌ಟೆಸ್ಟ್' ಅದೇ ವಂಶದ್ದು. ಇವುಗಳಲ್ಲಿ ಎರಡು ಬಗೆಯ ನಿಶ್ಚಯವಾಕ್ಯಗಳು ಮುಖ್ಯವಾದುವು. 'ಅಸರ್ಟ್‌ಟ್ರೂ' ಎಂಬುದು "ಇದು ನಿಜವಿರತಕ್ಕದ್ದು" ಎನ್ನುತ್ತದೆ. 'ಅಸರ್ಟ್‌ಈಕ್ವಲ್ಸ್' ಎಂಬುದು "ಇದು ಅದಕ್ಕೆ ಸಮವಿರತಕ್ಕದ್ದು" ಎನ್ನುತ್ತದೆ. ಮೇಲುನೋಟಕ್ಕೆ ಎರಡರ ಕೆಲಸವೂ ಒಂದೇ. ತಪ್ಪಿದಾಗ ಮಾತ್ರ ಅವುಗಳ ಅಂತರ ಕಾಣುತ್ತದೆ.

೩. ಒಂದು ನಿದರ್ಶನ

ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ಗಣಕ ವಿಭಾಗದ ವಿದ್ಯಾರ್ಥಿಗಳೂ ಇತಿಹಾಸದ ವಿದ್ಯಾರ್ಥಿಗಳೂ ಕೂಡಿ, ನನ್ನ ಸಲಹೆಯಂತೆ ಒಂದು ಚಿಕ್ಕ ಕ್ರಮವಿಧಿಯನ್ನು ರಚಿಸಿದರು. ಶಾಸನದಲ್ಲಿ ಹೇಳಿದ ಶಕವರ್ಷವನ್ನು ಕೊಟ್ಟರೆ ಅದಕ್ಕೆ ಸಲ್ಲುವ ಸಂವತ್ಸರದ ಹೆಸರನ್ನು ಹೇಳುವುದು ಅದರ ಕೆಲಸ. ಸೂತ್ರವು ಬಲು ಸರಳ. ದಕ್ಷಿಣದ ಪದ್ಧತಿಯಂತೆ ಗತ ಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಮೊದಲಾಗಿ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷವು ಸೊನ್ನೆಯಾದರೆ ಅರುವತ್ತನೆಯದಾದ ಅಕ್ಷಯ. ಉತ್ತರದ ಬಾರ್ಹಸ್ಪತ್ಯ ಗಣನೆಗೆ ಇದು ಅನ್ವಯಿಸದು. ಕಲ್ಯಾಣದ ಚಾಲುಕ್ಯರು, ಹೊಯ್ಸಳರು ಮೊದಲಾದವರ ಶಾಸನಗಳಿಗೆ ಬಹುಮಟ್ಟಿಗೆ ಸಾಕಾಗುತ್ತದೆ.

ಇಲ್ಲಿರುವ ತೊಡಕು ಗತ, ವರ್ತಮಾನಗಳದು. "ಶಕವರ್ಷ ಇಷ್ಟು" ಎಂದಾಗ ಅಷ್ಟು ವರ್ಷಗಳು ಕಳೆದುವೆಂದೋ, ಅಷ್ಟನೆಯ ವರ್ಷವು ನಡೆಯುತ್ತಿದೆಯೆಂದೋ ಎರಡು ರೀತಿಯಿಂದ ತಿಳಿಯಬಹುದು. ಶಾಸನಗಳಲ್ಲಿ ಎರಡೂ ದೊರೆಯುತ್ತವೆ. ಫ್ಲೀಟ್, ಕೀಲ್‌ಹಾರ್ನ್, ಶಂಕರ ಬಾಲಕೃಷ್ಣ ದೀಕ್ಷಿತ ಮೊದಲಾದ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಟ್ಟ ಶ್ರಮದ ಬಹುಭಾಗ ಈ ಒಂದು ವರ್ಷದ ಅಂತರವನ್ನು ಬಿಡಿಸುವುದರಲ್ಲೇ ಕಳೆಯಿತು. ಸೆವೆಲ್ ಮತ್ತು ದೀಕ್ಷಿತರ ಕಾಲಗಣನೆಯ ಗ್ರಂಥವು ೧೮೯೬ರಲ್ಲಿಯೂ, ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳು ೧೯೨೨ರಲ್ಲಿಯೂ ಹೊರಬಂದು ಈ ಕೆಲಸವನ್ನು ಸುಲಭಗೊಳಿಸಿದುವು.

ನಮ್ಮ ವಿದ್ಯಾರ್ಥಿಗಳಲ್ಲೊಬ್ಬನು, ಶಕವರ್ಷವು ವರ್ತಮಾನವಾಗಿರಬಹುದೆಂಬ ಮಾತನ್ನು ಎಲ್ಲಿಯೋ ಓದಿ, ಕೊಟ್ಟ ಪ್ರತಿಯೊಂದು ಸಂಖ್ಯೆಯಿಂದಲೂ ಒಂದನ್ನು ಕಳೆಯುವ ಸಾಲನ್ನು ಕ್ರಮವಿಧಿಯಲ್ಲಿ ಸೇರಿಸಿದ್ದನು. ಅದಕ್ಕೆ ಮೊದಲೇ ಪರೀಕ್ಷೆಯೊಂದನ್ನು ಬರೆಯಲಾಗಿತ್ತು. ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ಶಾಸನದ ವರ್ಷ ಶಕ ೧೦೩೯, ಹೇವಿಳಂಬಿ ಸಂವತ್ಸರ, ಅಂದರೆ ಕ್ರಿ. ಶ. ೧೧೧೭. ೧೦೩೯ಕ್ಕೆ ೧೨ ಕೂಡಿಸಿದರೆ ೧೦೫೧, ೬೦ರಿಂದ ಭಾಗಿಸಿದರೆ ಶೇಷ ೩೧, ಮೂವತ್ತೊಂದನೆಯದು ಹೇವಿಳಂಬಿ. ಹೀಗೆ ಶಾಸನವೂ ಸೂತ್ರವೂ ಒಂದಾಗುವ, ಯಾವ ಸಂದೇಹಕ್ಕೂ ಎಡೆಯಿಲ್ಲದ ನಿದರ್ಶನವನ್ನೇ ಆರಿಸಿಕೊಳ್ಳಲಾಗಿತ್ತು. ಆದರೆ ನಿಶ್ಚಯವಾಕ್ಯವನ್ನು ಬರೆದ ರೀತಿ ಹೀಗಿತ್ತು: ಅಸರ್ಟ್‌ಟ್ರೂ (ಸರಿಯೇ (೧೦೩೯)).

ಒಂದನ್ನು ಕಳೆಯುವ ಸಾಲು ಸೇರಿದ ಮರುದಿನ ಈ ಪರೀಕ್ಷೆ ತಪ್ಪಿತು. ಅಂದರೆ ಪರೀಕ್ಷೆ ತನ್ನ ಕರ್ತವ್ಯವನ್ನು ಮಾಡಿತು. ಆದರೆ ಪರದೆಯ ಮೇಲೆ ಮೂಡಿದ ಮಾತು, ಕನ್ನಡದಲ್ಲಿ ಹೇಳುವುದಾದರೆ, "ಸುಳ್ಳು ನಿಜವಲ್ಲ" ಎಂಬುದು. ಪೈಥಾನಿನ ಯೂನಿಟ್‌ಟೆಸ್ಟ್ ಅಸರ್ಟ್‌ಟ್ರೂ ತಪ್ಪಿದಾಗ ಹೇಳುವುದು ಇಷ್ಟನ್ನೇ. ವೇದಾಂತದ ದೃಷ್ಟಿಯಿಂದ ಇದರಲ್ಲಿ ಆಕ್ಷೇಪಾರ್ಹವಾದುದೇನೂ ಇಲ್ಲ. ಆದರೆ ಯಾವ ಶಾಸನ, ಯಾವ ವರ್ಷ, ಬರಬೇಕಾದ ಸಂವತ್ಸರ ಯಾವುದು, ಬಂದದ್ದು ಯಾವುದು ಎಂಬುದೊಂದೂ ಇದರಿಂದ ತಿಳಿಯುವುದಿಲ್ಲ. ಪರೀಕ್ಷೆ ಬರೆದ ಹುಡುಗಿ ಅಷ್ಟರಲ್ಲಿ ವ್ಯಾಸಂಗ ಮುಗಿಸಿ ಹೋಗಿದ್ದಳು. ಉಳಿದವರು ಎರಡು ದಿನ ನೋಡಿ, "ಪರೀಕ್ಷೆಯಲ್ಲೇ ಏನೋ ದೋಷವಿದ್ದೀತು" ಎಂದು ಅದಕ್ಕೆ 'ಬಿಟ್ಟುಬಿಡು' ಎಂಬ ಗುರುತು ಹಾಕಿದರು.

ಪರಿಣಾಮವು ನಗೆಯ ವಿಷಯವಾಗಿರಲಿಲ್ಲ. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ಸಂಗ್ರಹಿಸಿದ ಶಾಸನಗಳ ಪಟ್ಟಿಯನ್ನು ಈ ಕ್ರಮವಿಧಿಗೆ ಕೊಟ್ಟಳು. ಹಲವು ಶಾಸನಗಳಲ್ಲಿ ಶಕವರ್ಷವೂ ಸಂವತ್ಸರವೂ ಹೊಂದುವುದಿಲ್ಲವೆಂದು ಅದು ಹೇಳಿತು. ಅವಳು ಅವುಗಳ ಎದುರು "ಬರೆದವನ ಪ್ರಮಾದ" ಎಂದು ಟಿಪ್ಪಣಿ ಬರೆದಳು. ಆ ಕರಡನ್ನು ಓದಿ ಸರಿಯೆಂದು ಒಪ್ಪಿದವನು ನಾನೇ. ಎಂಟು ಒಂಬತ್ತು ಶತಮಾನಗಳ ಹಿಂದೆ ತನ್ನ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿದ ಲೇಖಕನ ತಲೆಗೆ, ನಮ್ಮ ತಪ್ಪನ್ನು ನಾವು ಕಟ್ಟಿದ್ದೆವು. ಅವನು ಎದ್ದು ಬಂದು ಇಲ್ಲವೆನ್ನುವಂತಿರಲಿಲ್ಲ.

ತಪ್ಪು ಹೊರಬಿದ್ದುದು ಆಕಸ್ಮಿಕವಾಗಿ. ಆರನೆಯ ವಿಕ್ರಮಾದಿತ್ಯನು ಕ್ರಿ. ಶ. ೧೦೭೬ರಲ್ಲಿ ಆರಂಭಿಸಿದ ಚಾಲುಕ್ಯ ವಿಕ್ರಮ ಶಕೆಯ ಮೊದಲ ವರ್ಷ ಶಕ ೯೯೮, ನಳ ಸಂವತ್ಸರ ಎಂಬುದು ನಮ್ಮ ಭಾಗದ ಇತಿಹಾಸವನ್ನು ಓದಿದವರಿಗೆಲ್ಲ ಬಾಯಿಪಾಠ. ಕ್ರಮವಿಧಿಯು ಅದನ್ನು ರಾಕ್ಷಸ ಎಂದಿತು. ನಳನು ಐವತ್ತನೆಯವನು, ರಾಕ್ಷಸನು ನಲವತ್ತೊಂಬತ್ತನೆಯವನು. ಆಗಲೇ ನಮಗೆ ಎಚ್ಚರವಾದದ್ದು. ಕೈಬಿಟ್ಟಿದ್ದ ಬೇಲೂರಿನ ಪರೀಕ್ಷೆಯು ತಿಂಗಳುಗಳ ಹಿಂದೆಯೇ ಇದೇ ದೋಷವನ್ನು ಹಿಡಿದಿತ್ತು. ಹಿಡಿದುದನ್ನು ಹೇಳಲು ಅದಕ್ಕೆ ನಾವು ಬಾಯಿ ಕೊಟ್ಟಿರಲಿಲ್ಲ.

೪. ದೋಷಗಳ ವಿವೇಚನೆ

ಈ ನಿದರ್ಶನದಲ್ಲಿಯೂ, ಅದನ್ನು ತಿದ್ದಲು ಹೋದಾಗಲೂ ಕಂಡ ದೋಷಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಮೂಕತನ. ಇದನ್ನು ಮೇಲೆ ಹೇಳಿದ್ದಾಗಿದೆ. ನಿಶ್ಚಯವಾಕ್ಯವು ಎರಡು ಮೌಲ್ಯಗಳನ್ನು ತಾನೇ ನೋಡಿ, ತೀರ್ಪನ್ನು ಮಾತ್ರ ಹೊರಗೆ ಹೇಳುವುದು. ಶಾಸನಗಳ ಸಂಪಾದಕರು ಹೀಗೆ ಎಂದೂ ಮಾಡಿದವರಲ್ಲ. ಕಾಲೋಲ್ಲೇಖವು ಹೊಂದದಿದ್ದರೆ "ಅಸಂಗತ" ಎಂದು ಬರೆದು ಸುಮ್ಮನಾಗದೆ, ಯಾವ ವರ್ಷವನ್ನು ಗತವೆಂದು ಹಿಡಿದರೆ ಆ ತಿಥಿ ಯಾವ ವಾರಕ್ಕೆ ಬೀಳುತ್ತದೆ, ಶಾಸನ ಹೇಳುವ ವಾರ ಯಾವುದು ಎಂಬುದನ್ನು ತಿಳಿಸುತ್ತಾರೆ. ಓದುಗನು ಸಂಪಾದಕನ ತೀರ್ಪನ್ನು ಒಪ್ಪದಿದ್ದರೂ ಸಾಮಗ್ರಿ ಅವನ ಮುಂದಿರುತ್ತದೆ. ನಮ್ಮ ಪರೀಕ್ಷೆಯು "ಬೇಲೂರು ಶಾಸನ, ಶಕ ೧೦೩೯ ಗತ: ಬೇಕಾದುದು ೩೧ ಹೇವಿಳಂಬಿ, ಬಂದುದು ೩೦ ದುರ್ಮುಖಿ" ಎಂದಿದ್ದರೆ, ೩೧ ಮತ್ತು ೩೦ರ ಅಂತರವೂ 'ಗತ' ಎಂಬ ಮಾತೂ ಕೂಡಿ ದೋಷದ ಸ್ಥಳವನ್ನೇ ಬೆರಳಿಟ್ಟು ತೋರಿಸುತ್ತಿದ್ದುವು. ಇತಿಹಾಸದ ಯಾವ ವಿದ್ಯಾರ್ಥಿಯೂ ಅದನ್ನು ನೋಡಿ ಸುಮ್ಮನಿರುತ್ತಿರಲಿಲ್ಲ.

ಎರಡನೆಯದು ಸ್ಥಾನಪಲ್ಲಟ. ಅಸರ್ಟ್‌ಟ್ರೂ ಬಿಟ್ಟು ಅಸರ್ಟ್‌ಈಕ್ವಲ್ಸ್ ಬರೆಯುವಾಗ, ಬೇಕಾದುದು ಮೊದಲೋ ಬಂದುದು ಮೊದಲೋ ಎಂಬ ಪ್ರಶ್ನೆ ಏಳುತ್ತದೆ. ಜೆಯೂನಿಟ್‌ನಲ್ಲಿ ಬೇಕಾದುದು ಮೊದಲು. ಅದೇ ಜಾವಾ ಭಾಷೆಯ 'ಟೆಸ್ಟ್‌ಎನ್‌ಜಿ'ಯಲ್ಲಿ ಬಂದುದು ಮೊದಲು. ಪೈಥಾನಿನ ಯೂನಿಟ್‌ಟೆಸ್ಟ್ 'ಮೊದಲನೆಯದು, ಎರಡನೆಯದು' ಎಂದಷ್ಟೇ ಹೇಳಿ ತಟಸ್ಥವಾಗಿದೆ. ಸ್ಥಾನಗಳು ಅದಲುಬದಲಾದರೆ ಪರೀಕ್ಷೆಯ ತೀರ್ಪು ಬದಲಾಗುವುದಿಲ್ಲ. ಸಮಾನತೆಗೆ ಎಡಬಲಗಳ ಭೇದವಿಲ್ಲ. ಆದರೆ ತಪ್ಪಿದಾಗ ಬರುವ ಮಾತು ತಲೆಕೆಳಗಾಗುತ್ತದೆ. ನಮ್ಮಲ್ಲಿ ಜಾವಾದಲ್ಲಿ ಮರುಬರಹ ಮಾಡಿದಾಗ "ಬೇಕಾದುದು ದುರ್ಮುಖಿ, ಬಂದುದು ಹೇವಿಳಂಬಿ" ಎಂಬ ಮಾತು ಬಂದು, ಅದನ್ನು ನಂಬಿದ ಹುಡುಗನೊಬ್ಬನು ಸರಿಯಾಗಿಯೇ ಇದ್ದ ಸಂವತ್ಸರಗಳ ಪಟ್ಟಿಯನ್ನು ತಿದ್ದಲು ಕುಳಿತಿದ್ದನು. ಮೂಕಸಾಕ್ಷಿಗಿಂತ ತಪ್ಪು ಹೇಳುವ ಸಾಕ್ಷಿ ಹೆಚ್ಚು ಅಪಾಯಕರವೆಂಬುದು ನ್ಯಾಯಾಲಯದಲ್ಲಿಯೂ ಇತಿಹಾಸದಲ್ಲಿಯೂ ಒಂದೇ.

ಮೂರನೆಯದು ಏಕಮೂಲತೆ. ಬೇಕಾದ ಉತ್ತರವನ್ನು ನೇರವಾಗಿ ಬರೆಯದೆ, ೧೦೩೯ಕ್ಕೆ ೧೨ ಕೂಡಿಸಿ ೬೦ರಿಂದ ಭಾಗಿಸಿ ಪರೀಕ್ಷೆಯೊಳಗೇ ಲೆಕ್ಕ ಮಾಡಿಸುವ ಅಭ್ಯಾಸ ಬಹಳ ಜನರಲ್ಲಿದೆ. ಮೇಲುನೋಟಕ್ಕೆ ಇದು ಶಾಸ್ತ್ರೀಯವಾಗಿ ಕಾಣುತ್ತದೆ. ಆದರೆ ಕ್ರಮವಿಧಿ ಮಾಡುವ ಲೆಕ್ಕವನ್ನೇ ಪರೀಕ್ಷೆಯೂ ಮಾಡಿದರೆ ಎರಡೂ ಒಂದೇ ತಪ್ಪನ್ನು ಮಾಡಿ ಪರಸ್ಪರ ಒಪ್ಪಿಕೊಳ್ಳುತ್ತವೆ. ಒಂದೇ ಮಾತೃಕೆಯಿಂದ ಇಳಿದ ಎರಡು ಓಲೆಯ ಪ್ರತಿಗಳು ಎರಡು ಸಾಕ್ಷ್ಯಗಳಲ್ಲವೆಂದು ಗ್ರಂಥಸಂಪಾದನೆಯಲ್ಲಿ ಕಲಿಸುತ್ತೇವೆ, ಇಲ್ಲಿಯೂ ಹಾಗೆಯೇ. 'ಹೇವಿಳಂಬಿ' ಎಂದು ಅಚ್ಚಾಗಿ ಬರೆದು, ಅದರ ಮಗ್ಗುಲಲ್ಲಿ 'ಬೇಲೂರು ಶಾಸನ' ಎಂದು ಬರೆದರೆ, ಓದಲು ಸುಲಭವಾಗುವುದಲ್ಲದೆ ಉತ್ತರವು ಬೇರೊಂದು ಮೂಲದಿಂದ ಬಂದದ್ದೆಂಬುದೂ ಗೊತ್ತಾಗುತ್ತದೆ.

ಸ್ವತಂತ್ರ ಸಾಕ್ಷ್ಯಕ್ಕೆ ಐಹೊಳೆಯ ಶಾಸನದಷ್ಟು ಒಳ್ಳೆಯ ಮಾದರಿ ದೊರೆಯುವುದು ಕಷ್ಟ. ಮೇಗುತಿ ದೇವಾಲಯದ ಗೋಡೆಯ ಮೇಲೆ ರವಿಕೀರ್ತಿಯು ಕಾಲವನ್ನು ಎರಡು ಬಗೆಯಿಂದ ಹೇಳಿದ್ದಾನೆ: ಭಾರತ ಯುದ್ಧದಿಂದ ೩೭೩೫ ವರ್ಷ, ಶಕರಾಜರ ಕಾಲದಿಂದ ೫೫೬ ವರ್ಷ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ೩೧೭೯. ಕಲಿ ಮತ್ತು ಶಕ ಗಣನೆಗಳ ನಡುವೆ ಇರತಕ್ಕ ಅಂತರವೂ ಅಷ್ಟೇ. ಕ್ರಿ. ಶ. ೬೩೪ರ ಸುಮಾರಿಗೆ ಬರೆದುದನ್ನು ಇಂದಿನ ಓದುಗನು ಯಾರ ಸಹಾಯವೂ ಇಲ್ಲದೆ ತಾಳೆ ನೋಡಬಲ್ಲನು. ಅಳ್ನಾವರಕ್ಕೆ ದೂರವಲ್ಲದ ಹಲಸಿಯಲ್ಲಿ ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ಶಾಸನವು ಕಲಿಯುಗದ ೪೨೭೦ನ್ನು ಹೇಳುವುದರಿಂದ, ನಮ್ಮ ಕ್ರಮವಿಧಿಯು ಕಲಿವರ್ಷವನ್ನೂ ಸ್ವೀಕರಿಸಬೇಕಾಗಿತ್ತು. ಆ ಭಾಗಕ್ಕೆ ನಾವು ಬರೆದ ಪರೀಕ್ಷೆಯು ಐಹೊಳೆಯ ಎರಡು ಸಂಖ್ಯೆಗಳನ್ನೇ ಹಾಗೆಯೇ ಎತ್ತಿಕೊಂಡಿತು.

ನಾಲ್ಕನೆಯದು ಕನ್ನಡದ ಅಭ್ಯಾಸಕರಿಗೆ ವಿಶೇಷವಾಗಿ ಸಂಬಂಧಿಸಿದುದು. ಒಂದನ್ನು ಕಳೆಯುವ ದೋಷವನ್ನು ತಿದ್ದಿದ ಮೇಲೂ ಬೇಲೂರಿನ ಪರೀಕ್ಷೆ ಮತ್ತೆ ತಪ್ಪಿತು. ಈ ಬಾರಿ ಬಂದ ಮಾತು: "ಬೇಕಾದುದು ಹೇವಿಳಂಬಿ, ಬಂದುದು ಹೇವಿಳಂಬಿ." ಕಣ್ಣಿಗೆ ಎರಡೂ ಒಂದೇ. ಕಾರಣವಿಷ್ಟೆ: ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿರುವ ಯೂನಿಕೋಡ್‌ನಲ್ಲಿ 'ಹೇ' 'ಕೊ' ಮುಂತಾದ ಅಕ್ಷರಗಳನ್ನು ಎರಡು ಬಗೆಯಿಂದ ಬರೆಯಬಹುದು. 'ಹ'ಕಾರಕ್ಕೆ ಏತ್ವದ ಒಂದೇ ಸಂಕೇತವನ್ನು ಸೇರಿಸುವುದು ಒಂದು. ಎತ್ವದ ಸಂಕೇತವನ್ನೂ ದೀರ್ಘದ ಸಂಕೇತವನ್ನೂ ಬೇರೆಬೇರೆಯಾಗಿ ಸೇರಿಸುವುದು ಇನ್ನೊಂದು. ಎರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಯಂತ್ರವು ತಾನಾಗಿಯೇ ಹಾಗೆಂದು ಬಗೆಯುವುದಿಲ್ಲ. ನಮ್ಮ ಸಂವತ್ಸರಗಳ ಪಟ್ಟಿಯು ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತದಿಂದ ಪರಿವರ್ತನೆಗೊಂಡು ಬಂದುದರಿಂದ, ಅದರಲ್ಲಿ ಎತ್ವವೂ ದೀರ್ಘವೂ ಬೇರೆಬೇರೆಯಾಗಿಯೇ ಉಳಿದಿದ್ದುವು. ಒಂದು ಹೆಸರಿನಲ್ಲಿ ಎಂಟು ಸಂಕೇತಗಳು, ಇನ್ನೊಂದರಲ್ಲಿ ಒಂಬತ್ತು. ನಿಶ್ಚಯವಾಕ್ಯವು ಸಂಕೇತಗಳ ಸಂಖ್ಯೆಯನ್ನೊಂದು ಹೇಳಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತಿತ್ತು. ಕನ್ನಡ ಪಠ್ಯವನ್ನು ಹೋಲಿಸುವ ಯಾವ ಪರೀಕ್ಷೆಯಲ್ಲಿಯೂ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದು, ಆಮೇಲೆ ಹೋಲಿಸತಕ್ಕದ್ದು.

ಇದರಿಂದ ಇನ್ನೂ ಒಂದು ಪಾಠ ದೊರೆಯಿತು. ಹೇವಿಳಂಬಿ, ಹೇಮಲಂಬಿ ಎಂದು ಶಾಸನಗಳಲ್ಲಿಯೂ ಪಂಚಾಂಗಗಳಲ್ಲಿಯೂ ರೂಪಭೇದಗಳಿವೆ. ನಾವು ನಿಶ್ಚಯಿಸಬೇಕಾಗಿದ್ದುದು ಕಾಗುಣಿತವನ್ನಲ್ಲ, ಮೂವತ್ತೊಂದನೆಯ ಸಂವತ್ಸರವೆಂಬುದನ್ನು. ಹೋಲಿಸುವುದು ಸಂಖ್ಯೆಯನ್ನು, ತೋರಿಸುವುದು ಹೆಸರನ್ನು ಎಂಬ ವ್ಯವಸ್ಥೆ ಮಾಡಿದ ಮೇಲೆ ಪರೀಕ್ಷೆಯು ತಾನು ಹೇಳಬೇಕಾದುದನ್ನೇ ಹೇಳತೊಡಗಿತು.

೫. ಪ್ರಚಲಿತ ಪಂಥಗಳು

ನಿಶ್ಚಯವಾಕ್ಯದ ಸ್ಪಷ್ಟತೆಯನ್ನು ಕುರಿತು ಗಣಕವಿದ್ಯೆಯವರಲ್ಲಿ ಮೂರು ಪಂಥಗಳು ಕಂಡುಬರುತ್ತವೆ.

ಒಂದು ಪಂಥದವರು ನಿಶ್ಚಯವಾಕ್ಯವು ಆಂಗ್ಲ ವಾಕ್ಯದಂತೆ ಓದಿಸಿಕೊಂಡು ಹೋಗಬೇಕೆನ್ನುತ್ತಾರೆ. 'ಹ್ಯಾಮ್‌ಕ್ರೆಸ್ಟ್' ಎಂಬ ಸಾಧನವೂ, ಅದರೊಡನೆ ೨೦೦೭ರಲ್ಲಿ ಜೆಯೂನಿಟ್‌ಗೆ ಸೇರಿದ 'ಅಸರ್ಟ್‌ದ್ಯಾಟ್' ಎಂಬ ರೂಪವೂ, ಆಮೇಲೆ ಬಂದ 'ಅಸರ್ಟ್‌ಜೆ' ಎಂಬುದೂ ಈ ಹಾದಿಯವು. ಅವುಗಳ ಸಾಲುಗಳನ್ನು ಗಟ್ಟಿಯಾಗಿ ಓದಿದರೆ ಆಂಗ್ಲ ಭಾಷೆಯ ಮಾತನ್ನು ಕೇಳಿದಂತಾಗುವುದು ನಿಜ. ಆದರೆ ಕ್ರಿಯಾಪದವನ್ನು ಕೊನೆಯಲ್ಲಿ ಇಟ್ಟು ಯೋಚಿಸುವ ನಮ್ಮ ಹುಡುಗರಿಗೆ ಈ ಸೊಗಸಿನಿಂದ ಆಗುವ ಲಾಭ ಅಲ್ಪ. ಈ ಸಾಧನಗಳ ನಿಜವಾದ ಗುಣವು ಬೇರೆಡೆ ಇದೆ. ಹೊಂದಿಕೆಯಾಗದಿದ್ದಾಗ ತಾವು ಏನನ್ನು ನಿರೀಕ್ಷಿಸಿದ್ದೆವು, ಏನನ್ನು ಕಂಡೆವು ಎಂಬುದನ್ನು ಅವು ತಾವೇ ವರ್ಣಿಸುತ್ತವೆ. ಪ್ರಶಂಸೆ ಸಲ್ಲಬೇಕಾದುದು ಈ ವರ್ಣನೆಗೆ. ಆದರೆ ಸಲ್ಲುತ್ತಿರುವುದು ವಾಕ್ಯದ ಅಂದಕ್ಕೆ.

ಇನ್ನೊಂದು ಪಂಥವು ಪೈಥಾನಿನ 'ಪೈಟೆಸ್ಟ್' ಎಂಬುದರದು. ಅಲ್ಲಿ ಬರೆಯುವವನು ಭಾಷೆಯ ಸಾದಾ 'ಅಸರ್ಟ್' ಸಾಲನ್ನೇ ಬರೆಯುತ್ತಾನೆ. ಸಾಧನವು ಆ ಸಾಲನ್ನು ಒಳಗೊಳಗೇ ವಿಸ್ತರಿಸಿ, ತಪ್ಪಿದಾಗ ಅದರ ಒಂದೊಂದು ಅಂಗದ ಮೌಲ್ಯವನ್ನೂ ಬಿಚ್ಚಿ ತೋರಿಸುತ್ತದೆ. ಬರೆಯುವಾಗಿನ ಸರಳತೆಯೂ ತಪ್ಪಿದಾಗಿನ ಸ್ಪಷ್ಟತೆಯೂ ಬೇರೆಬೇರೆ ಗುಣಗಳೆಂಬುದನ್ನು ಇದು ಚೆನ್ನಾಗಿ ಸಿದ್ಧಪಡಿಸಿತು. ಆದರೆ ಮೌಲ್ಯಗಳನ್ನು ತೋರಿಸಬಲ್ಲ ಈ ಸಾಧನವು, ಆ ಮೌಲ್ಯವೇ ಏಕೆ ಬೇಕಾಗಿತ್ತೆಂಬ ಕಾರಣವನ್ನು ತಾನಾಗಿ ಹೇಳಲಾರದು.

ಮೂರನೆಯದು ೨೦೦೯ರಲ್ಲಿ ಪ್ರಕಟವಾದ 'ಗೋ' ಭಾಷೆಯವರದು. ಅವರು ತಮ್ಮ ಪರೀಕ್ಷಾ ಸಾಧನದಲ್ಲಿ ನಿಶ್ಚಯವಾಕ್ಯಗಳನ್ನೇ ಇಡಲಿಲ್ಲ. ಏನನ್ನು ಕೊಟ್ಟೆವು, ಏನು ಬಂದಿತು, ಏನು ಬೇಕಾಗಿತ್ತು ಎಂಬುದನ್ನು ಪರೀಕ್ಷೆ ಬರೆಯುವವನು ತನ್ನ ಮಾತಿನಲ್ಲಿಯೇ ಬರೆಯಲಿ ಎಂಬುದು ಅವರ ಮತ. ತತ್ತ್ವದಲ್ಲಿ ಇದು ನನಗೆ ಹಿಡಿಸಿದ್ದು. ಶಾಸನ ಸಂಪಾದಕರ ಪದ್ಧತಿಗೆ ಇದು ತೀರ ಹತ್ತಿರ. ಆದರೆ ಆಚರಣೆಯಲ್ಲಿ ಸೋಮಾರಿಯಾದವನು "ತಪ್ಪಾಯಿತು" ಎಂದಷ್ಟೇ ಬರೆದು ಮುಗಿಸುವುದನ್ನು ಇದು ತಡೆಯಲಾರದು.

ಈ ಪ್ರಸಂಗದಲ್ಲಿ "ಒಂದು ಪರೀಕ್ಷೆಗೆ ಒಂದೇ ನಿಶ್ಚಯವಾಕ್ಯ" ಎಂಬ ಪ್ರಸಿದ್ಧ ನಿಯಮವನ್ನೂ ವಿಚಾರಿಸಬೇಕು. ಕಾರಣ ಹೇಳದ ಹಲವು ನಿಶ್ಚಯವಾಕ್ಯಗಳನ್ನು ಒಂದೇ ಪರೀಕ್ಷೆಯಲ್ಲಿ ಪೇರಿಸಿದರೆ, ತಪ್ಪಿದ್ದು ಯಾವುದೆಂದು ತಿಳಿಯದೆ ಜೂಜಾಟದಂತಾಗುತ್ತದೆ. ಜೆರಾರ್ಡ್ ಮೆಸಾರೋಸ್ ೨೦೦೭ರ ತನ್ನ ಗ್ರಂಥದಲ್ಲಿ ಈ ದೋಷವನ್ನು ರೂಲೆಟ್ ಎಂಬ ಜೂಜಿನ ಹೆಸರಿನಿಂದಲೇ ವಿವರಿಸಿದ್ದಾನೆ. ಆಕ್ಷೇಪವು ಯುಕ್ತವಾದುದು, ಆದರೆ ಅದರಿಂದ ಹೊರಡಿಸಿದ ನಿಯಮವು ಎಲ್ಲ ಕಡೆಗೂ ಸಲ್ಲದು. ಶಾಸನದ ಕಾಲೋಲ್ಲೇಖದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇವೆಲ್ಲ ಕೂಡಿ ಒಂದು ಸಂಗತಿ. ಸಂವತ್ಸರವು ಹೊಂದಿ ವಾರವೊಂದು ಹೊಂದದಿದ್ದರೆ ಅದಕ್ಕೆ ಒಂದು ಅರ್ಥ. ಎರಡೂ ಹೊಂದದಿದ್ದರೆ ಬೇರೊಂದು ಅರ್ಥ. ಇವನ್ನು ಐದು ಪರೀಕ್ಷೆಗಳಾಗಿ ಒಡೆದರೆ ಸಂಗತಿಯೇ ಒಡೆದುಹೋಗುತ್ತದೆ; ಒಂದರಲ್ಲೇ ಇಟ್ಟರೆ ಮೊದಲನೆಯದು ತಪ್ಪಿದ ಕೂಡಲೇ ಉಳಿದವು ನಡೆಯುವುದಿಲ್ಲ. ಜೆಯೂನಿಟ್‌ನ ಐದನೆಯ ಆವೃತ್ತಿಯಲ್ಲಿರುವ 'ಅಸರ್ಟ್‌ಆಲ್', ಎಲ್ಲ ಅಂಗಗಳನ್ನೂ ನಡೆಸಿ ಎಲ್ಲದರ ವರದಿಯನ್ನೂ ಒಟ್ಟಿಗೆ ಕೊಡುವುದರಿಂದ, ನಮ್ಮ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ಎಣಿಕೆ ಮುಖ್ಯವಲ್ಲ, ಓದುವವನಿಗೆ ಪೂರ್ಣ ಸಾಕ್ಷ್ಯ ದೊರೆಯಿತೇ ಎಂಬುದು ಮುಖ್ಯ.

೬. ಆಕ್ಷೇಪಗಳು

ಇದಕ್ಕೆ ವಿರುದ್ಧವಾಗಿ ಎರಡು ಮಾತು ಹೇಳಬಹುದಾಗಿದೆ. ಮೊದಲನೆಯದು, ಸಾವಿರ ಸಲ ನಡೆಯುವ ಪರೀಕ್ಷೆ ಒಮ್ಮೆ ತಪ್ಪುವುದಕ್ಕಾಗಿ ಇಷ್ಟು ಬರೆಯುವ ಶ್ರಮವೇಕೆ ಎಂಬುದು. ಆ ಒಮ್ಮೆಗಾಗಿಯೇ ಪರೀಕ್ಷೆಯು ಇರುವುದೆಂಬುದು ಇದಕ್ಕೆ ಉತ್ತರ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಪರೀಕ್ಷೆಯೊಡನೆ ಬರೆದ ವಿವರಣೆಯು ಕಾಲಕ್ರಮದಲ್ಲಿ ಹಳತಾಗಿ, ಕ್ರಮವಿಧಿ ಬದಲಾದರೂ ತಾನು ಬದಲಾಗದೆ, ಓದುವವನನ್ನು ದಾರಿ ತಪ್ಪಿಸಬಹುದು. ಇದು ನಿಜ. ಆದಕಾರಣ ವಿವರಣೆಯಲ್ಲಿ ಮೌಲ್ಯಗಳನ್ನು ಕೈಯಿಂದ ಮತ್ತೆ ಬರೆಯಬಾರದು. ಅವುಗಳನ್ನು ಸಾಧನವೇ ತೋರಿಸಲಿ. ಬರೆಯತಕ್ಕದ್ದು ಮೂಲ ಮತ್ತು ಕಾರಣ ಎರಡನ್ನೇ: ಈ ಉತ್ತರ ಎಲ್ಲಿಂದ ಬಂತು, ಈ ಉದಾಹರಣೆಯನ್ನು ಏಕೆ ಆರಿಸಲಾಯಿತು. ಶಕ ೧೦೦೮ನ್ನು ನಾವು ಆರಿಸಿದ್ದು ೧೨ ಕೂಡಿಸಿದರೆ ೧೦೨೦ ಆಗಿ ಶೇಷ ಸೊನ್ನೆ ಬರುವುದೆಂಬ ಕಾರಣಕ್ಕೆ. ಪೈಥಾನಿನಲ್ಲಿ ಪಟ್ಟಿಯ 'ಋಣ ಒಂದು' ಎಂಬ ಸ್ಥಾನವು ಕೊನೆಯದನ್ನೇ ಸೂಚಿಸುವುದರಿಂದ ಅಕ್ಷಯವು ಅನಾಯಾಸವಾಗಿ ಬರುತ್ತದೆ. ಅದೇ ಲೆಕ್ಕವನ್ನು ಜಾವಾಕ್ಕೆ ಇಳಿಸಿದರೆ ಕ್ರಮವಿಧಿ ನಿಂತುಹೋಗುತ್ತದೆ. "ಶೇಷ ಸೊನ್ನೆಯಾದಾಗ ಅಕ್ಷಯ" ಎಂಬ ಹೆಸರನ್ನು ಆ ಪರೀಕ್ಷೆಗೆ ಕೊಟ್ಟರೆ ಮುಂದೆ ಬರುವವನಿಗೆ ೧೦೦೮ರ ಗುಟ್ಟು ತಿಳಿಯುತ್ತದೆ. ಈ ಕಾರಣವು ಹಳತಾಗುವಂಥದಲ್ಲ.

ಇಷ್ಟಾದರೂ ಒಂದು ಮಿತಿಯನ್ನು ಒಪ್ಪಲೇಬೇಕು. ಸ್ಪಷ್ಟತೆಯೇ ಸತ್ಯವಲ್ಲ. ತಪ್ಪಾದ ಉತ್ತರವನ್ನು ಸ್ಪಷ್ಟವಾಗಿ ನಿಶ್ಚಯಿಸುವುದು ಸಾಧ್ಯ. ಆದರೆ ಸ್ಪಷ್ಟವಾಗಿ ಹೇಳಿದ ತಪ್ಪನ್ನು ಇನ್ನೊಬ್ಬನು ಅಲ್ಲಗಳೆಯಬಹುದು. "ಸುಳ್ಳು ನಿಜವಲ್ಲ" ಎಂಬುದನ್ನು ಯಾರೂ ಅಲ್ಲಗಳೆಯಲಾರರು, ಯಾರೂ ಉಪಯೋಗಿಸಲೂ ಆರರು. ಯಂತ್ರಗಳೇ ಕ್ರಮವಿಧಿಗಳನ್ನೂ ಪರೀಕ್ಷೆಗಳನ್ನೂ ರಾಶಿರಾಶಿಯಾಗಿ ಬರೆದುಕೊಡುತ್ತಿರುವ ಈ ದಿನಗಳಲ್ಲಿ ಬರೆಯುವ ಶ್ರಮ ಕಡಿಮೆಯಾಗಿದೆ. ಓದಿ ಒಪ್ಪುವ ಹೊಣೆ ಮಾತ್ರ ಮನುಷ್ಯನ ಮೇಲೆಯೇ ಉಳಿದಿದೆ.

೭. ಉಪಸಂಹಾರ

ಒಟ್ಟಿನಲ್ಲಿ, ಒಳ್ಳೆಯ ನಿಶ್ಚಯವಾಕ್ಯವು ತಪ್ಪಿದಾಗ ನಾಲ್ಕು ಸಂಗತಿಗಳನ್ನು ತಿಳಿಸಬೇಕು: ಏನನ್ನು ಕೊಡಲಾಗಿತ್ತು, ಏನು ಬರಬೇಕಾಗಿತ್ತು, ಏನು ಬಂದಿತು, ಬರಬೇಕಾದುದಕ್ಕೆ ಆಧಾರವೇನು. ಮೊದಲಿನ ಮೂರನ್ನು ಒಳ್ಳೆಯ ಸಾಧನಗಳು ಒದಗಿಸಬಲ್ಲವು. ನಾಲ್ಕನೆಯದನ್ನು ಬರೆಯುವವನೇ ಒದಗಿಸಬೇಕು. ವಿಷಯ ಬಲ್ಲವನು ಮಾತ್ರ ಒದಗಿಸಬಲ್ಲನು. ಇತಿಹಾಸದ ವಿದ್ಯಾರ್ಥಿಗೆ ಗಣಕ ವಿಭಾಗದಲ್ಲಿ ಕೆಲಸವಿರುವುದು ಇಲ್ಲಿಯೇ.

ಅಧ್ಯಾಪಕರಿಗೆ ಒಂದು ಸಲಹೆಯನ್ನು ಕೊಟ್ಟು ಮುಗಿಸುತ್ತೇನೆ. ವಿದ್ಯಾರ್ಥಿಗಳು ಕ್ರಮವಿಧಿಯನ್ನೂ ಪರೀಕ್ಷೆಗಳನ್ನೂ ಒಪ್ಪಿಸಿದಾಗ, ಎಲ್ಲ ಪರೀಕ್ಷೆಗಳೂ ತೇರ್ಗಡೆಯಾದುವೆಂದು ತೃಪ್ತಿಪಡಬಾರದು. ಕ್ರಮವಿಧಿಯಲ್ಲಿ ಒಂದು ಸಂಖ್ಯೆಯನ್ನು ಬೇಕೆಂದೇ ಕೆಡಿಸಬೇಕು. ೧೨ ಇದ್ದಲ್ಲಿ ೧೧ ಮಾಡಬೇಕು. ಆಮೇಲೆ ಪರದೆಯ ಮೇಲೆ ಬಂದ ಮಾತನ್ನು, ಆ ಕೆಲಸದಲ್ಲಿ ಪಾಲ್ಗೊಳ್ಳದಿದ್ದ ಇನ್ನೊಬ್ಬ ವಿದ್ಯಾರ್ಥಿಗೆ ಓದಲು ಕೊಟ್ಟು, ಏನು ಕೆಟ್ಟಿದೆ ಎಂದು ಕೇಳಬೇಕು. ಅವನು ಹೇಳಬಲ್ಲನಾದರೆ ಪರೀಕ್ಷೆ ಚೆನ್ನಾಗಿದೆ. ನಮ್ಮ ಕ್ರಮವಿಧಿಗೆ ಈ ಉಪಾಯವನ್ನು ಮಾಡಿನೋಡಿದ ಮೇಲೆ, ಬೇಲೂರಿನ ಪರೀಕ್ಷೆಯ ಮೇಲಿದ್ದ 'ಬಿಟ್ಟುಬಿಡು' ಎಂಬ ಗುರುತನ್ನು ತೆಗೆದುಹಾಕಲಾಯಿತು. ಆ ವಿದ್ಯಾರ್ಥಿನಿಯು ಶಾಸನಗಳ ಪಟ್ಟಿಯನ್ನು ಮೊದಲಿನಿಂದ ಮತ್ತೆ ತಾಳೆ ನೋಡಿ, "ಬರೆದವನ ಪ್ರಮಾದ" ಎಂಬ ಟಿಪ್ಪಣಿಗಳನ್ನು ಒಂದೊಂದಾಗಿ ಹೊಡೆದುಹಾಕಿದಳು. ಕರಡಿನ ಅಂಚಿನಲ್ಲಿದ್ದ ನನ್ನ ಒಪ್ಪಿಗೆಯ ಗುರುತುಗಳನ್ನು ನಾನು ಹೊಡೆದುಹಾಕಿದೆನು.